ಹೊಳೆ ಬದಿಯ ಟೆಂಟಿಗೆ ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ

ದಸರಾ ರಜೆಗೆ ಘಟ್ಟದ ಬುಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯುವ ಅಂತ ಯಾರಾದರೂ ಯೋಚನೆ ಮಾಡಿದ್ದರೆ, ಹಣ ಕಳಿಸುವ ಮೊದಲು ಐದು ನಿಮಿಷ ಕೊಡಿ. ಹೋದ ವರ್ಷ ನಾವು ಐದು ಜನ ಹೀಗೇ ಹೋಗಿ, ರಾತ್ರಿ ಹತ್ತು ಗಂಟೆಗೆ ಬರಿಗಾಲಲ್ಲಿ ಗುಡ್ಡೆ ಹತ್ತಿ ಬಂದವರು.

ನಾವು ಮಂಗಳೂರಿನವರು. ದಸರಾ ಸಮಯದಲ್ಲಿ ಕುದ್ರೋಳಿ ಸುತ್ತಮುತ್ತ ಕಾರು ತೆಗೆಯುವ ಹಾಗಿಲ್ಲ. ಹುಲಿವೇಷದ ತಾಸೆ ಎರಡು ದಿನ ಕೇಳಲು ಖುಷಿ, ಮೂರನೇ ದಿನ ತಲೆ ಗಿರ್ ಅನ್ನುತ್ತದೆ. ಎಲ್ಲಾದರೂ ಹೋಗುವ ಅಂತ ಫೋನಿನಲ್ಲಿ ಹುಡುಕಿದಾಗ ಆ ಫೋಟೋ ಸಿಕ್ಕಿತು. ಹಿಂದೆ ಹಸಿರು ಘಟ್ಟ, ಮುಂದೆ ತಿಳಿನೀರಿನ ಹೊಳೆ, ನಡುವೆ ಬಿಳಿ ಮರಳಿನ ಮೇಲೆ ಕಿತ್ತಳೆ ಬಣ್ಣದ ಟೆಂಟ್. ತಲೆಗೆ 1,200 ರೂಪಾಯಿ, ಊಟ ಸೇರಿ. ಅರ್ಧ ಹಣ ಮುಂಗಡ. ಜಾಗ ನಡೆಸುವವರ ಹೆಸರು ಬರೆಯುವುದಿಲ್ಲ. ಇಂಥ ಜಾಗ ಬೆಳ್ತಂಗಡಿ ಕಡೆ ಒಂದಲ್ಲ, ಬೇಕಾದಷ್ಟು ಇವೆ.

ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು, ಭಾವ ಮತ್ತು ಅವರ ಹೆಂಡತಿ. ಗುರುವಾಯನಕೆರೆ ದಾಟಿ, ಗಡಾಯಿಕಲ್ಲನ್ನು ಎಡಕ್ಕೆ ಬಿಟ್ಟು, ಉಜಿರೆಯಿಂದ ಮುಂದೆ ಒಳದಾರಿ. ಕಾರು ಹೋಗುವುದು ಹೊಳೆಯ ಈಚೆ ದಡದ ತನಕ ಮಾತ್ರ. ಆಚೆಗೆ ಅಡಕೆ ಮರ ಹಾಸಿದ ಕಾಲುಸಂಕ. ಮಗಳಿಗೆ ಆ ಸಂಕ ದಾಟುವುದೇ ದೊಡ್ಡ ಖುಷಿ, ನಾಲ್ಕು ಸಲ ಹೋಗಿ ಬಂದಳು. ನನಗೂ ಅದು ಚಂದವೇ ಕಂಡಿತು. ವಾಪಸ್ ಬರಲು ಇರುವುದು ಈ ಒಂದೇ ದಾರಿ ಅನ್ನುವುದು ತಲೆಗೆ ಹೋಗಲಿಲ್ಲ.

ಟೆಂಟ್ ಹಾಕುವಾಗ ಮಗಳು ಕೇಳಿದಳು, "ಅಪ್ಪ, ಮರದ ಮೇಲೆ ಗೋಣಿ ಯಾರು ಇಟ್ಟದ್ದು?"

ನೋಡಿದೆ. ಹೊಳೆ ಬದಿಯ ಮರದ ಕೊಂಬೆಗೆ ಹರಿದ ಪ್ಲಾಸ್ಟಿಕ್ ಗೋಣಿ, ಒಣ ಹುಲ್ಲು, ಅಡಕೆ ಸೋಗೆ ಎಲ್ಲ ಸುತ್ತಿಕೊಂಡಿತ್ತು. ನನ್ನ ತಲೆಗಿಂತ ಒಂದು ಮೊಳ ಮೇಲೆ. "ಮಂಗ ಇಟ್ಟಿರಬೇಕು" ಅಂತ ನಗಾಡಿದೆ. ಇಡೀ ದಿನದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಆ ಗೋಣಿ ಇಟ್ಟದ್ದು ಹೊಳೆ. ಅಂದರೆ ನೀರು ಅಷ್ಟು ಎತ್ತರಕ್ಕೆ ಬಂದು ಹೋಗಿದೆ. ನಾವು ಟೆಂಟ್ ಹಾಕಿದ ಬಿಳಿ ಮರಳು ಕೂಡ ಹೊಳೆಯೇ ತಂದು ಹಾಕಿದ್ದು. ಅದರಲ್ಲಿ ಒಂದು ಪೊದೆ ಸಹ ಬೆಳೆದಿರಲಿಲ್ಲ. ಉರುಟು ಕಲ್ಲುಗಳು, ತೆಂಗಿನಕಾಯಿಯಷ್ಟು ದೊಡ್ಡವು, ಟೆಂಟಿನ ಹಿಂದೆಯೂ ಬಿದ್ದಿದ್ದವು. ಕಲ್ಲು ಉರುಟಾಗುವುದು ಉರುಳಿದ ಮೇಲೆ ಅಲ್ವಾ? ಇಷ್ಟೆಲ್ಲ ಕಣ್ಣ ಮುಂದೆ ಇತ್ತು. ನಾವು ಸೆಲ್ಫಿಗೆ ಒಳ್ಳೆ ಬೆಳಕು ಯಾವ ಕಡೆ ಅಂತ ನೋಡುತ್ತಿದ್ದೆವು.

ಸಂಜೆ ಮೇಲಿನ ತೋಟದ ಅಜ್ಜ ತಲೆಗೆ ಅಡಕೆ ಹಾಳೆಯ ಟೋಪಿ, ಮುಟ್ಟಾಳೆ, ಇಟ್ಟುಕೊಂಡು ದನ ಅಟ್ಟಿಕೊಂಡು ಬಂದರು. ನಮ್ಮನ್ನು ನೋಡಿ ನಿಂತರು. "ಎಂತ ಮಾರಾಯ್ರೆ, ಮಗು ಉಂಟಲ್ಲ, ಇಲ್ಲೇ ಮಲಗುದಾ? ಬೊಳ್ಳ ಬಂದ್ರೆ?" ಅಂದರು. ಬೊಳ್ಳ ಅಂದರೆ ತುಳುವಿನಲ್ಲಿ ನೆರೆ. ಕ್ಯಾಂಪಿನ ಹುಡುಗ ನಡುವೆ ಬಾಯಿ ಹಾಕಿದ. "ಅಜ್ಜ ಎಲ್ಲರಿಗೂ ಹಾಗೇ ಹೇಳುದು ಸರ್. ಮಳೆಗಾಲ ಮುಗೀತಲ್ಲ." ಅಜ್ಜ ಮತ್ತೆ ಮಾತಾಡಲಿಲ್ಲ. ನಾವೂ ಕೇಳಲಿಲ್ಲ. ಹಣ ತೆಗೆದುಕೊಂಡವನ ಮಾತು ನಂಬಿ, ಸುಮ್ನೆ ಹೇಳಿದವರ ಮಾತು ಬಿಟ್ಟೆವು.

ಏಳು ಗಂಟೆಗೆ ಘಟ್ಟದ ಮೇಲೆ ಮಿಂಚು ಶುರುವಾಯಿತು. ನಮ್ಮ ತಲೆ ಮೇಲೆ ನಕ್ಷತ್ರ. "ಅದು ಘಟ್ಟದ ಮೇಲೆ ಮೂಡಿಗೆರೆ ಮಳೆ ಸರ್, ನಮಗಲ್ಲ" ಅಂದ ಹುಡುಗ. ಬೆಂಕಿ ಹಾಕಿ ಕೋಳಿ ಸುಡುತ್ತಿದ್ದೆವು, ಮಿಂಚು ನೋಡಲು ಚಂದವೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಘಟ್ಟ ಅಂದರೆ ಮೆಲ್ಲಗೆ ಏರುವ ಬೆಟ್ಟ ಅಲ್ಲ, ಗೋಡೆ. ಕುದುರೆಮುಖದ ತುದಿ 1,894 ಮೀಟರ್. ಅಷ್ಟು ಎತ್ತರದ ಸಾಲಿನಿಂದ ಬೆಳ್ತಂಗಡಿಯ ತೋಟಗಳಿಗೆ ನೀರು ಕೆಲವೇ ಕಿಲೋಮೀಟರಿನಲ್ಲಿ ಇಳಿಯುತ್ತದೆ. ಜೂನ್‌ನಿಂದ ನೆನೆದು ನೆನೆದು ಗುಡ್ಡೆಗೆ ಸಾಕಾಗಿರುತ್ತದೆ, ಅಕ್ಟೋಬರ್‌ನ ಜೋರು ಮಳೆಯನ್ನು ಅದು ಹೀರುವುದಿಲ್ಲ, ಹಾಗೇ ತೋಡಿಗೆ ಬಿಡುತ್ತದೆ. ಹಿಂಗಾರಿನ ಗುಡುಗು ಮಳೆ ಬರುವುದೂ ಹೆಚ್ಚಾಗಿ ಮಧ್ಯಾಹ್ನ ಮೇಲೆ, ಸಂಜೆಗೆ. ಮೇಲೆ ಬಿದ್ದದ್ದು ನಾವು ಉಂಡು ಮಲಗುವ ಹೊತ್ತಿಗೆ ಕೆಳಗೆ ತಲುಪುತ್ತದೆ. ಕೆಳಗೆ ಒಂದು ಹನಿ ಬಿದ್ದಿರಬೇಕು ಅಂತ ಇಲ್ಲ. ಘಟ್ಟದ ಈಚೆ ಮೈಗೆ ಬಿದ್ದ ಮಳೆ ಯಾವ ತಾಲೂಕಿನದ್ದಾದರೂ ಈ ಕಡೆಯ ಹೊಳೆಗಳಿಗೇ ಬರಬೇಕು. 2019ರ ಆಗಸ್ಟ್‌ನಲ್ಲಿ ಇದೇ ತಾಲೂಕಿನಲ್ಲಿ ನೆರೆ ತೋಟ, ಮನೆ, ಸೇತುವೆ ಹಾಳು ಮಾಡಿತ್ತು. ಚಾರ್ಮಾಡಿ ಘಾಟಿ ಗುಡ್ಡ ಜರಿದು ಬಂದ್ ಆಗಿತ್ತು. ಪೇಪರಿನಲ್ಲಿ ಎಲ್ಲ ಓದಿದ್ದೆ. ಓದಿದ್ದು ಟೆಂಟ್ ಹಾಕುವಾಗ ನೆನಪಿಗೆ ಬರಲಿಲ್ಲ ಅಷ್ಟೇ.

ಒಂಬತ್ತೂವರೆಗೆ ಹೆಂಡತಿ ತಟ್ಟೆ ತೊಳೆಯಲು ಹೋದವಳು ನಿಂತೇ ಬಿಟ್ಟಳು. "ನಾನು ಮಧ್ಯಾಹ್ನ ಕೂತಿದ್ದ ಕಲ್ಲು ಎಲ್ಲಿ?" ಟಾರ್ಚ್ ಬಿಟ್ಟೆ. ತಿಳಿನೀರು ಚಹಾ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಕಡ್ಡಿ, ನೊರೆ ತೇಲಿ ಬರುತ್ತಿದ್ದವು. ಹಸಿ ಮಣ್ಣಿನ ವಾಸನೆ. ಹೊಳೆಯ ಸದ್ದು ಜಾಸ್ತಿಯಾಗಿತ್ತು ಅನ್ನುವುದಕ್ಕಿಂತ ದಪ್ಪ ಆಗಿತ್ತು. ಅಡಿಯಲ್ಲಿ ಕಲ್ಲು ಕಲ್ಲಿಗೆ ಬಡಿಯುವ ಸದ್ದು ಅದು ಅಂತ ಆಮೇಲೆ ಅಜ್ಜ ಹೇಳಿದರು.

ಭಾವ ಕಾರಿನ ಕಡೆ ಓಡುವ ಅಂದರು. ಟಾರ್ಚ್ ಬೆಳಕಿನಲ್ಲಿ ಸಂಕದ ಮೇಲೆಯೇ ನೀರು ಹೋಗುತ್ತಿತ್ತು. ಅಲ್ಲಿಗೆ ಕಾಲಿಡದೆ ಇದ್ದದ್ದೇ ಆ ದಿನ ನಾವು ಮಾಡಿದ ಒಂದೇ ಬುದ್ಧಿವಂತಿಕೆ. ಮಗಳನ್ನು ಎತ್ತಿಕೊಂಡು ತೋಟದ ಕಡೆ ಹತ್ತಿದೆವು. ಚಪ್ಪಲಿ ಹುಡುಕಲಿಲ್ಲ. ಬ್ಯಾಗು, ಭಾವನ ಫೋನು, ಕೋಳಿ ಎಲ್ಲ ಅಲ್ಲೇ. ನನ್ನ ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಇಡೀ ದಿನವೇ ಇರಲಿಲ್ಲ. ತಿರುಗಿ ನೋಡಿದಾಗ ಒಂದು ಟೆಂಟ್ ಒಳಗೆ ಲೈಟು ಉರಿಯುತ್ತಲೇ ತೇಲಿ ಹೋಗುತ್ತಿತ್ತು. ಮಗಳು ಟಾಟಾ ಮಾಡಿದಳು.

ಅಜ್ಜನ ನಾಯಿ ಬೊಗಳಿದ ಕಡೆಗೆ ನಡೆದೆವು. ಅವರು ಜಗಲಿಯಲ್ಲಿ ಲೈಟು ಹಾಕಿ ಕೂತಿದ್ದರು, ಮಲಗಿರಲಿಲ್ಲ. ಒಂದು ಮಾತು ಬಯ್ಯಲಿಲ್ಲ. ಅವರ ಮನೆಯ ಅಮ್ಮ ಚಾಪೆ ಹಾಸಿದರು, ಬೆಲ್ಲದ ಕಾಪಿ ಕೊಟ್ಟರು, ಕಾಲಿಗೆ ಹತ್ತಿದ ಉಂಬುಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ತಂದರು. ಗೋಣಿಯ ವಿಷಯ ಕೇಳಿದೆ. 2019ರದ್ದು ಇರಬೇಕು ಅಂದುಕೊಂಡಿದ್ದೆ. "ಅಲ್ಲ, ಅದು ಈ ಆಟಿಯದ್ದು" ಅಂದರು. ಆಟಿ ಅಂದರೆ ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು. ಬರೀ ಎರಡು ತಿಂಗಳ ಹಿಂದಿನದ್ದು!

ಬೆಳಿಗ್ಗೆ ಹೊಳೆ ಇಳಿದಿತ್ತು. ಸಂಕ ಇರಲಿಲ್ಲ. ಎರಡು ಕಿಲೋಮೀಟರ್ ಸುತ್ತಿ, ಗಟ್ಟಿ ಸೇತುವೆ ಇರುವಲ್ಲಿ ದಾಟಿ ಕಾರಿಗೆ ಬಂದೆವು.

ಇಷ್ಟಾದ ಮೇಲೆ ನಾವು ಟೆಂಟ್ ಹಾಕುವುದನ್ನು ಬಿಟ್ಟಿಲ್ಲ. ಜಾಗ ಕೇಳುವಾಗ ಈಗ ಮೊದಲ ಪ್ರಶ್ನೆ, ಹೊಳೆಗೂ ಟೆಂಟಿಗೂ ಎಷ್ಟು ಎತ್ತರ ಅಂತ. ದೂರ ಅಲ್ಲ, ಎತ್ತರ. ಎರಡನೆಯದು, ಕಾರಿಗೂ ಟೆಂಟಿಗೂ ನಡುವೆ ನೀರು ಉಂಟಾ ಅಂತ. ಉಂಟು ಅಂದರೆ ಅಲ್ಲಿಗೇ ಬಿಟ್ಟೆ. ಜಾಗ ಯಾರದ್ದು ಅಂತಲೂ ಕೇಳಬೇಕು, ಯಾಕೆಂದರೆ ಅಲ್ಲಿನ ಕಾಡಿನ ಒಂದು ಪಾಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅನುಮತಿ ಇಲ್ಲದೆ ಒಳಗೆ ಟೆಂಟ್ ಹಾಕಿದರೆ ಕೇಸು ಬೀಳುವುದು ನಿಮ್ಮ ಮೇಲೂ. ಇನ್ನು ಹೊಳೆ ಬಿಟ್ಟು ಮೇಲೆ ಹೋದೆವು ಅಂತ ತೆಂಗಿನ ಮರದ ಅಡಿಯಲ್ಲಿ ಮಲಗಬೇಡಿ, ಮಾರಾಯ್ರೆ. ಅದನ್ನೂ ಒಬ್ಬರು ಮಾಡಿದ್ದನ್ನು ನೋಡಿದ್ದೇನೆ.

ಅಡ್ವಾನ್ಸ್ ವಾಪಸ್ ಬಂದಿಲ್ಲ. ಹೋದ ಎರಡು ಟೆಂಟಿನ ದುಡ್ಡು ಕೊಡಿ ಅಂತ ಎರಡು ಸಲ ಫೋನ್ ಬಂದಿದೆ. ಅವರ ಫೋಟೋ ಮೊನ್ನೆ ಮತ್ತೆ ನೋಡಿದೆ, ಈ ಸಲ 1,500 ರೂಪಾಯಿ ಆಗಿದೆ. ದೊಡ್ಡದು ಮಾಡಿ ನೋಡಿದರೆ ಎಡಗಡೆಯ ಮರದಲ್ಲಿ ಗೋಣಿ ಕಾಣುತ್ತದೆ.