ನಾನು ಕೊಟ್ಟಷ್ಟೇ ಕಂಪನಿನೂ ಕೊಡೋ ದಾನದ ಸ್ಕೀಮ್, ಮೂರು ವರ್ಷ ಬಳಸಿದ ಮೇಲೆ ನನ್ನ ರಿವ್ಯೂ

ನಮ್ಮ ಆಫೀಸಲ್ಲಿ ಮ್ಯಾಚಿಂಗ್ ಗಿಫ್ಟ್ ಅಂತ ಒಂದು ಸೌಲಭ್ಯ ಇದೆ. ನಾನು ಯಾವ್ದಾದ್ರೂ ಸೇವಾ ಸಂಸ್ಥೆಗೆ ದುಡ್ಡು ಕೊಟ್ರೆ ಕಂಪನಿನೂ ಅಷ್ಟೇ ದುಡ್ಡನ್ನ ಅದೇ ಸಂಸ್ಥೆಗೆ ಕೊಡುತ್ತೆ, ವರ್ಷಕ್ಕೆ ಒಬ್ಬೊಬ್ರಿಗೆ ಇಂತಿಷ್ಟು ಅಂತ ಮಿತಿ ಇರುತ್ತೆ. ನಡೆಸೋದು ಮಾತ್ರ ಕಂಪನಿ ಅಲ್ಲ, ಹೊರಗಿನ ಒಂದು ಪೋರ್ಟಲ್‌ನವರು. ಮೂರು ವರ್ಷದಿಂದ ಬಳಸ್ತಾ ಇದೀನಿ, ಒಳ್ಳೇದೂ ನೋಡಿದೀನಿ, ಹೊಟ್ಟೆ ಉರಿಯೋ ಅಂಥದ್ದೂ ನೋಡಿದೀನಿ, ಸೇರಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ಒಳ್ಳೇದು. ಕೆಲಸಕ್ಕೆ ಸೇರಿದ ವಾರನೇ ನನ್ನ ಅಕೌಂಟಲ್ಲಿ ಕಂಪನಿಯವರೇ ಸ್ವಲ್ಪ ಕ್ರೆಡಿಟ್ ಹಾಕಿದ್ರು. ಅದನ್ನ ನಾನು ಖರ್ಚು ಮಾಡ್ಕೊಳ್ಳೋ ಹಾಗಿಲ್ಲ, ನನಗೆ ಇಷ್ಟವಾದ ಸಂಸ್ಥೆಗೆ ಕೊಡಬಹುದು ಅಷ್ಟೇ. ನನ್ನ ಗೆಳತಿ ಮಗಳು ಓದಿದ ಕಿವಿ ಕೇಳದ ಮಕ್ಕಳ ಶಾಲೆ ಒಂದಿದೆ, ಅದಕ್ಕೆ ಕೊಟ್ಟೆ. ಕೈಯಿಂದ ಒಂದು ಪೈಸೆ ಹಾಕದೆ ಕೊಟ್ಟಿದ್ದಾದ್ರೂ ಆವತ್ತು ಸಂಜೆ ಆ ಶಾಲೆ ಬಗ್ಗೆನೇ ಕೂತು ಓದಿದೆ, ಮುಂದಿನ ತಿಂಗಳಿಂದ ಸಂಬಳದಲ್ಲೇ ಹಿಡ್ಕೊಳ್ಳಿ ಅಂತ ಹಾಕ್ಬಿಟ್ಟೆ. ಹಾಗಾಗಿ ಈ ಶುರುವಿನ ಕ್ರೆಡಿಟ್ ಅನ್ನೋದು ತುಂಬ ಒಳ್ಳೆ ಐಡಿಯಾ ಅಂತ ನನ್ನ ಅನಿಸಿಕೆ. ಒಂದೇ ತೊಂದ್ರೆ ಏನಂದ್ರೆ ವರ್ಷದ ಕೊನೆಗೆ ಅದು ಎಕ್ಸ್‌ಪೈರ್ ಆಗುತ್ತೆ. ಪಕ್ಕದ ಸೀಟಲ್ಲಿರೋಳು ಮರೆತಳು, ಹೋಯ್ತು. ಮುಂಚೆನೇ ಒಂದು ರಿಮೈಂಡರ್ ಮೇಲ್ ಕಳಿಸೋಕೆ ಏನು ಕಷ್ಟ ಇತ್ತೋ.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು 1954ರಲ್ಲೇ ಶುರು ಮಾಡಿದ್ರು, ಆಗ ನೌಕರರು ತಾವು ಓದಿದ ಕಾಲೇಜಿಗೆ ಕೊಟ್ಟಿದ್ದಕ್ಕೆ ಕಂಪನಿ ಸೇರಿಸಿ ಕೊಡ್ತಿತ್ತು. ಬ್ರಿಟನ್‌ನಲ್ಲಿ 1987ರಿಂದ ಪೇರೋಲ್ ಗಿವಿಂಗ್ ಇದೆ, ಅಲ್ಲಿ ಟ್ಯಾಕ್ಸ್ ಲೆಕ್ಕ ಹಾಕೋಕೆ ಮುಂಚೆನೇ ಸಂಬಳದಿಂದ ದಾನ ಕಟ್ ಆಗುತ್ತೆ. ಆಪಲ್‌ನಲ್ಲಿ 2011ರಲ್ಲಿ ಟಿಮ್ ಕುಕ್ ಸಿಇಓ ಆದ ಸ್ವಲ್ಪ ದಿನಕ್ಕೆ ಮ್ಯಾಚಿಂಗ್ ಬಂತು. ಮೈಕ್ರೋಸಾಫ್ಟ್‌ನಲ್ಲಿ ದುಡ್ಡಿಗಷ್ಟೇ ಅಲ್ಲ, ನೌಕರರು ವಾಲಂಟಿಯರ್ ಆಗಿ ಕೆಲಸ ಮಾಡಿದ ಗಂಟೆಗೂ ಕಂಪನಿ ದುಡ್ಡು ಕೊಡುತ್ತೆ. ನಮ್ಮಲ್ಲಿ ಈ ಗಂಟೆ ಲೆಕ್ಕ ಇಲ್ಲ, ಇರ್ಬೇಕಿತ್ತು. ಸಂಬಳ ಕಡಿಮೆ ಇರೋರು ದುಡ್ಡು ಕೊಡೋಕೆ ಆಗದೆ ಇರಬಹುದು, ಶನಿವಾರ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಡೋಕೆ ಆಗುತ್ತೆ, ಅವರ ಆಯ್ಕೆಗೂ ಕಂಪನಿ ದುಡ್ಡು ಹೋಗಬೇಕಲ್ವಾ.

ಈಗ ನನ್ನ ನಿಜವಾದ ದೂರಿಗೆ ಬರ್ತೀನಿ. ಎರಡನೇ ವರ್ಷ ನಾನು ಆ ಶಾಲೆಗೆ ಸ್ವಲ್ಪ ದೊಡ್ಡ ಮೊತ್ತನೇ ಕೊಟ್ಟೆ, ಕಂಪನಿ ಪಾಲೂ ಅಪ್ರೂವ್ ಆಯ್ತು, ಸ್ಕ್ರೀನಲ್ಲಿ ಹಸಿರು ಟಿಕ್ ಬಂತು, ನಾನು ನೆಮ್ಮದಿಯಾಗಿದ್ದೆ. ಐದು ತಿಂಗಳಾದ ಮೇಲೆ ಬೇರೆ ಏನೋ ಕೇಳೋಕೆ ಶಾಲೆಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ದುಡ್ಡು ಬಂತಾ ಮೇಡಂ ಅಂದೆ. ಅಕೌಂಟ್ಸ್ ನೋಡ್ಕೊಳ್ಳೋ ಮೇಡಂ, ಇಲ್ವಲ್ಲ, ನಿಮ್ಮ ಹೆಸರಲ್ಲಿ ಏನೂ ಬಂದಿಲ್ಲ ಅಂದ್ರು. ನನ್ನ ಪಾಲೂ ಇಲ್ಲ, ಕಂಪನಿ ಪಾಲೂ ಇಲ್ಲ. ಹಿಡ್ಕೊಂಡು ಕೇಳಿದ್ಮೇಲೆ ಗೊತ್ತಾಗಿದ್ದು ಏನಂದ್ರೆ ಪೋರ್ಟಲ್‌ನವರು ಶಾಲೆಯ ಬ್ಯಾಂಕ್ ವಿವರ ವೆರಿಫೈ ಮಾಡ್ಬೇಕು, ಅದಕ್ಕೆ ಒಂದು ಮೇಲ್ ಕಳಿಸಿದ್ರು, ಪರಿಚಯ ಇಲ್ಲದ ಕಂಪನಿ ಬ್ಯಾಂಕ್ ನಂಬರ್ ಕೇಳ್ತಿದೆ ಅಂತ ಮೇಡಂ ಅದನ್ನ ಮೋಸದ ಮೇಲ್ ಅಂದ್ಕೊಂಡು ಡಿಲೀಟ್ ಮಾಡಿದ್ರು. ಅವರು ಮಾಡಿದ್ದು ಸರಿನೇ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಆದ್ರೆ ದುಡ್ಡು ಅಲ್ಲೇ ನಿಂತಿದೆ ಅಂತ ಕೊಟ್ಟವನಿಗೆ ಒಂದು ಮಾತು ಹೇಳ್ಬೇಕಿತ್ತಲ್ವಾ? ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಹಾಗಾಯ್ತು. ಆ ಐದು ತಿಂಗಳಲ್ಲಿ ಶಾಲೆಯವರು ಕೆಟ್ಟುಹೋದ ಶ್ರವಣ ಸಾಧನಗಳ ರಿಪೇರಿಯನ್ನ ದುಡ್ಡಿಲ್ಲ ಅಂತ ಮುಂದಕ್ಕೆ ಹಾಕ್ತಾ ಇದ್ರು, ಅದು ಕೇಳಿ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ನಾನೇ ಮೇಡಂ ಜೊತೆ ಫೋನಲ್ಲಿ ಕೂತು ರಿಜಿಸ್ಟ್ರೇಷನ್ ಮಾಡಿಸಿದೆ, ಮೂರು ವಾರದಲ್ಲಿ ದುಡ್ಡು ಹೋಯ್ತು. ಹೋದಾಗ್ಲೂ ಎಲ್ಲರದ್ದೂ ಸೇರಿಸಿ ಒಂದೇ ಮೊತ್ತವಾಗಿ ಹೋಗಿತ್ತು, ಯಾರು ಕೊಟ್ಟಿದ್ದು ಅಂತ ಅವರಿಗೆ ತಿಳೀಲಿಲ್ಲ, ಯಾಕಂದ್ರೆ ನನ್ನ ಸೆಟ್ಟಿಂಗ್ಸಲ್ಲಿ ಹೆಸರು ತೋರಿಸಬೇಡಿ ಅಂತ ಮೊದಲೇ ಟಿಕ್ ಆಗಿತ್ತು. ಹೆಸರು ಬೇಡ ಅನ್ನೋರಿಗೆ ಅದು ಒಳ್ಳೇದೇ, ಆದ್ರೆ ಅದು ನಾನು ಆರಿಸಿದ್ದಾಗಿರ್ಬೇಕು. ಇನ್ನೊಂದು, ಪ್ರೊಸೆಸಿಂಗ್ ಫೀ. ನಮ್ಮ ಕಂಪನಿ ಅದನ್ನ ತಾನೇ ಕಟ್ಟುತ್ತೆ, ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಕೆಲವು ಕಡೆ ದಾನದಲ್ಲೇ ಮುರ್ಕೊಳ್ತಾರೆ, ಸೇರೋಕೆ ಮುಂಚೆ ಎಚ್‌ಆರ್ ಹತ್ರ ಇದನ್ನ ಕೇಳಿ.

ಮ್ಯಾಚ್ ಎಷ್ಟಿರ್ಬೇಕು ಅನ್ನೋ ಬಗ್ಗೆ ನಮ್ಮಲ್ಲಿ ಒಂದು ಚರ್ಚೆ ನಡೀತು, ಒಂದಕ್ಕೆ ಎರಡು ಕೊಡಿ, ಮೂರು ಕೊಡಿ ಅಂತ. ಡೀನ್ ಕಾರ್ಲನ್, ಜಾನ್ ಲಿಸ್ಟ್ ಅನ್ನೋ ಅರ್ಥಶಾಸ್ತ್ರಜ್ಞರು 2007ರಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದ್ರು, ಹಿಂದೆ ದಾನ ಕೊಟ್ಟಿದ್ದ 50,000ಕ್ಕೂ ಹೆಚ್ಚು ಜನಕ್ಕೆ ಕಾಗದ ಕಳಿಸಿ ನೋಡಿದ್ದು. ಮ್ಯಾಚ್ ಇದೆ ಅಂತ ಹೇಳಿದಾಗ ಕಳಿಸಿದ ಪ್ರತಿ ಕಾಗದಕ್ಕೆ ಬಂದ ದುಡ್ಡು 19% ಜಾಸ್ತಿ ಆಯ್ತು, ಕೊಡೋ ಸಂಭವ 22% ಏರಿತು, ಆದ್ರೆ ಒಂದಕ್ಕೆ ಒಂದರ ಬದಲು ಎರಡೋ ಮೂರೋ ಅಂದಾಗ ಅದಕ್ಕಿಂತ ಹೆಚ್ಚೇನೂ ಆಗ್ಲಿಲ್ಲ. ಅದು ಕಾಗದ ಕಳಿಸಿ ಕೇಳಿದ್ದು, ಆಫೀಸಿನ ಸ್ಕೀಮ್ ಅಲ್ಲ, ಆದ್ರೂ ನನ್ನ ಅಭಿಪ್ರಾಯ ಆ ಕಡೆಗೇ ಇದೆ. ಒಂದಕ್ಕೆ ಒಂದು ಸಾಕು, ಉಳಿದ ದುಡ್ಡಲ್ಲಿ ಫಾರ್ಮ್ ಸುಲಭ ಮಾಡಿ, ಸಂಸ್ಥೆಗಳಿಗೆ ಫೋನ್ ಮಾಡಿ ಮಾತಾಡೋಕೆ ಒಬ್ರನ್ನ ಇಡಿ.

ಇನ್ನು ಲೀಡರ್‌ಬೋರ್ಡ್ ವಿಷಯ. ಕಳೆದ ವರ್ಷ ಯಾವ ಟೀಮಲ್ಲಿ ಎಷ್ಟು ಪರ್ಸೆಂಟ್ ಜನ ಕೊಟ್ಟಿದಾರೆ ಅಂತ ಬೋರ್ಡ್ ಹಾಕಿದ್ರು, ಮ್ಯಾನೇಜರ್ ಮೀಟಿಂಗಲ್ಲಿ ನಮ್ಮದು ನೂರಾಗ್ಲಿಲ್ಲ ಯಾಕೆ ಅಂತ ಕೇಳಿದ್ರು. ನಮ್ಮ ಟೀಮಲ್ಲಿ ಒಬ್ರು ಅಪ್ಪನ ಆಸ್ಪತ್ರೆ ಸಾಲ ತೀರಿಸ್ತಾ ಇದ್ರು, ಎಲ್ಲರ ಮುಂದೆ ತಲೆ ತಗ್ಗಿಸಿ ಕೂತಿದ್ರು. ಇದು ತಪ್ಪು, ಸಂಬಳ ಕೊಡೋರೇ ಕೇಳಿದ್ರೆ ಇಲ್ಲ ಅನ್ನೋಕೆ ಎಷ್ಟು ಜನಕ್ಕಾಗುತ್ತೆ. ನಾನು ಎಚ್‌ಆರ್‌ಗೆ ಬರೆದೆ, ಇನ್ನೂ ಇಬ್ರು ಬರೆದ್ರು, ಈ ವರ್ಷ ಬೋರ್ಡ್ ತೆಗೆದಿದಾರೆ.

ನನ್ನ ರೇಟಿಂಗ್: ಕಂಪನಿ ಸ್ಕೀಮಿಗೆ ಐದಕ್ಕೆ ನಾಲ್ಕು, ಪೋರ್ಟಲ್‌ಗೆ ಎರಡು. ಸೇರಿ ಅಂತಲೇ ಹೇಳ್ತೀನಿ, ಯಾಕಂದ್ರೆ ನೀವು ಕ್ಲೇಮ್ ಮಾಡದೆ ಇದ್ರೆ ನೀವು ಆರಿಸಿದ ಸಂಸ್ಥೆಗೆ ಕಂಪನಿಯ ಆ ಪಾಲು ಹೋಗೋದೇ ಇಲ್ಲ. ಹಸಿರು ಟಿಕ್ ನೋಡಿ ಸುಮ್ನಾಗ್ಬೇಡಿ, ಎರಡು ತಿಂಗಳಾದ ಮೇಲೆ ಸಂಸ್ಥೆಗೇ ಒಂದು ಫೋನ್ ಮಾಡಿ. ನಾನು ಹೋದ ವಾರ ಮಾಡಿದೆ, ಈ ಸಲದ್ದು ಎರಡೂ ಪಾಲು ಬಂದಿದೆಯಂತೆ, ಸಾಧನಗಳು ರಿಪೇರಿಗೆ ಹೋಗಿವೆ ಅಂದ್ರು ಮೇಡಂ.