480 ಅಡಿಕೆ ಮರ, ಎರಡು ಸಲ ಕೊಂಡ ಡ್ರಿಪ್: ಪೈಪು ಮತ್ತು ಫಿಟ್ಟಿಂಗ್ ಬಗ್ಗೆ ನನ್ನ ಅನುಭವ

ನಮ್ಮ ತೋಟ ಹಿರಿಯಡ್ಕದಿಂದ ಸ್ವಲ್ಪ ಒಳಗೆ. ಒಂದು ಎಕರೆಗೆ ಕಡಿಮೆಯೇ. 24 ಸಾಲು, ಸಾಲಿಗೆ 20 ಅಡಿಕೆ ಮರ, ಮರದಿಂದ ಮರಕ್ಕೆ 9 ಅಡಿ. ಉಡುಪಿಯಲ್ಲಿ ಮಳೆಗಾಲ ಬಂದರೆ ಕಣಿ (ಸಾಲುಗಳ ನಡುವಿನ ಕಾಲುವೆ) ತುಂಬಿ ಹರಿಯುತ್ತದೆ. ಆದರೆ ಡಿಸೆಂಬರ್‌ನಿಂದ ಮೇ ಕೊನೆಯವರೆಗೆ ಮರಕ್ಕೆ ನಾವೇ ನೀರು ಕೊಡಬೇಕು. ಅತ್ತೆಯ ಕಾಲದಲ್ಲಿ ಕಣಿಗೆ ನೀರು ಬಿಟ್ಟು ಅಡಿಕೆ ಹಾಳೆಯಲ್ಲಿ ಎರಚುತ್ತಿದ್ದರಂತೆ. ಆಮೇಲೆ ಸ್ಪ್ರಿಂಕ್ಲರ್ ಬಂತು. ಏಪ್ರಿಲ್‌ಗೆ ಬಾವಿಯ ತಳ ಕಾಣಲು ಶುರುವಾದ ಮೇಲೆ ಬೋರ್‌ವೆಲ್ ತೆಗೆಸಿ ಡ್ರಿಪ್‌ಗೆ, ಅಂದರೆ ಹನಿ ನೀರಾವರಿಗೆ ಬಂದೆವು.

ಮೊದಲ ಡ್ರಿಪ್ ಮೂರೇ ವರ್ಷಕ್ಕೆ ಕೈಕೊಟ್ಟಿತು. ಎರಡನೆಯದನ್ನು ಹಾಕಿ ಈಗ ಎರಡು ಬೇಸಿಗೆ ಕಳೆದಿದೆ. ಆ ಎರಡನೆಯದರಲ್ಲಿ ಏನೇನು ಕೊಂಡೆ, ಯಾವುದು ಚೆನ್ನಾಗಿದೆ, ಯಾವುದು ಅಷ್ಟಕ್ಕಷ್ಟೆ ಎಂದು ಬರೆಯುತ್ತಿದ್ದೇನೆ. ನಮ್ಮ ಹಾಗೆ ಮುರಕಲ್ಲಿನ ಗುಡ್ಡೆಯ ಬದಿಯಲ್ಲಿ ತೋಟ ಇರುವವರಿಗೆ ಉಪಯೋಗಕ್ಕೆ ಬರಲಿ.

ಮೊದಲ ಸಲ ಅಂಗಡಿಯವರು, "ಅಕ್ಕ, 12 ಎಂಎಂ ಪೈಪು ಸಾಕು. ಡ್ರಿಪ್ಪರ್ 8 ಲೀಟರಿನದ್ದು ಹಾಕಿ, ಬೇಗ ಮುಗೀತದೆ" ಎಂದಿದ್ದರು. ಡ್ರಿಪ್ಪರ್ ಅಂದರೆ ಪೈಪಿನಿಂದ ಮರದ ಬುಡಕ್ಕೆ ನೀರು ಬಿಡುವ ಸಣ್ಣ ಸಾಮಾನು, 8 ಲೀಟರ್ ಅಂದರೆ ಅದು ಗಂಟೆಗೆ ಬಿಡುವ ನೀರು. ನಾನೂ ಹೂಂ ಎಂದೆ. ಎರಡನೇ ಬೇಸಿಗೆಗೇ ಸಾಲಿನ ಕೊನೆಯ ಮರಗಳ ಸೋಗೆ ಬಾಡಲು ಶುರುವಾಯಿತು. ಒಂದು ದಿನ ಅಳತೆಯ ಲೋಟ ಹಿಡಿದು ಹೋದೆ. 8 ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕೆ 400 ಮಿಲಿ ಕೊಡಬೇಕು. ಮೊದಲ ಮರದ ಬುಡದಲ್ಲಿ 380 ಸಿಕ್ಕಿತು. ಇಪ್ಪತ್ತನೆಯ ಮರದಲ್ಲಿ 210. ಕೆಲವು ಡ್ರಿಪ್ಪರ್‌ಗಳಲ್ಲಿ ಬರೀ ಹನಿ.

ಲೆಕ್ಕ ಹಾಕಿದರೆ ಆಶ್ಚರ್ಯವೇ ಇಲ್ಲ. ಮರಕ್ಕೆ ಎರಡು ಡ್ರಿಪ್ಪರ್, ಸಾಲಿಗೆ 40. ಅಂದರೆ ಗಂಟೆಗೆ 320 ಲೀಟರ್ ನೀರು ಆ ಸಪೂರ ಪೈಪಿನಲ್ಲಿ 55 ಮೀಟರ್ ಓಡಬೇಕು. ಪೈಪು ಸಪೂರ ಆದಷ್ಟೂ ಉಜ್ಜಾಟ ಜಾಸ್ತಿ, ಕೊನೆಗೆ ಮುಟ್ಟುವಾಗ ಒತ್ತಡ ಉಳಿಯುವುದಿಲ್ಲ. ಈಗ 16 ಎಂಎಂ ಪೈಪು, 4 ಲೀಟರಿನ ಡ್ರಿಪ್ಪರ್ ಹಾಕಿದ್ದೇನೆ. ಅದೇ ಸಾಲಿನಲ್ಲಿ ಗಂಟೆಗೆ 160 ಲೀಟರ್ ಮಾತ್ರ ಓಡುತ್ತದೆ. ಈ ಮಾರ್ಚ್‌ನಲ್ಲಿ ಅಳೆದಾಗ ಮೂರು ನಿಮಿಷಕ್ಕೆ ಮೊದಲ ಮರದಲ್ಲಿ 200, ಕೊನೆಯ ಮರದಲ್ಲಿ 190 ಮಿಲಿ ಬಂತು. ನನಗೆ ತುಂಬ ಖುಷಿಯಾಯಿತು. ಅಡಿಕೆ ಮರಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಎಂದು ಸಿಪಿಸಿಆರ್‌ಐ (ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುತ್ತದೆ. ಎರಡು ಡ್ರಿಪ್ಪರ್‌ನಿಂದ ಗಂಟೆಗೆ 8 ಲೀಟರ್, ಹಾಗಾಗಿ ಎರಡರಿಂದ ಎರಡೂವರೆ ಗಂಟೆ ಬಿಟ್ಟರೆ ಆಯಿತು. ಮೇಲಿನ 12 ಸಾಲಿಗೆ ಬೆಳಿಗ್ಗೆ, ಕೆಳಗಿನ 12 ಸಾಲಿಗೆ ಆಮೇಲೆ.

12 ಎಂಎಂ ಪೈಪು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹಿತ್ತಲಿನ ಮಲ್ಲಿಗೆ ಗಿಡಕ್ಕೆ, ತರಕಾರಿ ಸಾಲಿಗೆ ಅದೇ ಚಂದ. ಸಾಲು ಉದ್ದ ಇದ್ದಲ್ಲಿ ಮಾತ್ರ ಅದರ ಮೇಲೆ 8 ಲೀಟರಿನ ಡ್ರಿಪ್ಪರ್ ಹೇರಬೇಡಿ.

ಈಗ ಮುಖ್ಯ ವಿಷಯ. ಪೈಪಿಗಿಂತ ಮೊದಲು ನೋಡಬೇಕಾದ್ದು ನಿಮ್ಮ ನೀರನ್ನು.

ನಮ್ಮ ಬೋರ್‌ವೆಲ್ ನೀರು ಬರುವಾಗ ಕನ್ನಡಿ ಹಾಗೆ ಇರುತ್ತದೆ. ಅದನ್ನು ನೋಡಿಯೇ ಮೊದಲ ಸಲ ಮೋಸ ಹೋದೆ. ಸಾಲುಗಳ ಡ್ರಿಪ್ಪರ್ ಎಲ್ಲ ಮುಚ್ಚಿ ಕಟ್ಟಿಕೊಂಡ ಮೇಲೆ ಒಂದು ರಾತ್ರಿ ಗಾಜಿನ ಲೋಟದಲ್ಲಿ ನೀರು ತುಂಬಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ಪುಡಿ. ಕಬ್ಬಿಣದ ಅಂಶ! ಕರಗಿರುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಫಿಲ್ಟರ್‌ನಲ್ಲೂ ನಿಲ್ಲುವುದಿಲ್ಲ. ಗಾಳಿ ತಾಗಿದ ಮೇಲೆ ಕೆಂಪಾಗಿ ಗಟ್ಟಿಯಾಗುತ್ತದೆ. ಪಂಪ್ ನಿಲ್ಲಿಸಿದಾಗ ಪೈಪಿನೊಳಗೆ ಗಾಳಿ ಸೇರುತ್ತದಲ್ವಾ, ಆಗ ಡ್ರಿಪ್ಪರ್‌ನ ಸಣ್ಣ ದಾರಿಯಲ್ಲೇ ಕೂತುಬಿಡುತ್ತದೆ. ಜೊತೆಗೆ ಒಂದು ನಮೂನೆಯ ಲೋಳೆಯೂ ಬೆಳೆಯುತ್ತದೆ. ದಯವಿಟ್ಟು ಅಂಗಡಿಗೆ ಹೋಗುವ ಹಿಂದಿನ ರಾತ್ರಿ ಈ ಲೋಟದ ಪರೀಕ್ಷೆ ಮಾಡಿ.

ಕೆಂಪು ಬಂತು ಅಂತಾದರೆ ಇನ್‌ಲೈನ್ ಪೈಪು ತಗೊಳ್ಳಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್‌ಲೈನ್ ಅಂದರೆ ಡ್ರಿಪ್ಪರ್ ಪೈಪಿನ ಒಳಗೇ ಅಂಟಿಕೊಂಡು ಬರುವುದು. ನೋಡಲು ಅಚ್ಚುಕಟ್ಟು, ಹಾಕಲು ಸುಲಭ. ಕಬ್ಬು, ತರಕಾರಿಗೆ ಒಳ್ಳೆಯದೇ. ಆದರೆ ಕಟ್ಟಿಕೊಂಡರೆ ಬಿಚ್ಚಿ ತೊಳೆಯಲು ಆಗುವುದಿಲ್ಲ. ನಾನು ಈ ಸಲ ಸಾದಾ ಪೈಪು ತಂದು, ಹೊರಗಿನಿಂದ ಚುಚ್ಚುವ ಡ್ರಿಪ್ಪರ್ ಹಾಕಿದೆ. ಅದರಲ್ಲೂ ಮುಚ್ಚಳ ತಿರುಗಿಸಿ ಬಿಚ್ಚಲು ಬರುವಂಥದ್ದು. ಒಟ್ಟು 960 ಡ್ರಿಪ್ಪರ್. ಕಟ್ಟಿದ್ದು ಕಂಡರೆ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ ಮತ್ತೆ ಹಾಕುತ್ತೇನೆ. ಒಂದಕ್ಕೆ ಅರ್ಧ ನಿಮಿಷ ಸಾಕು. ಕಬ್ಬಿಣದ ಕಾಟ ಕಡಿಮೆ ಮಾಡಲು ಬೋರ್‌ವೆಲ್ ನೀರನ್ನು ನೇರ ಪೈಪಿಗೆ ಬಿಡದೆ, ಮೇಲಿನಿಂದ ಶವರ್ ಹಾಗೆ ಟ್ಯಾಂಕಿಗೆ ಬೀಳಿಸಿ ಒಂದು ರಾತ್ರಿ ನಿಲ್ಲಿಸುತ್ತೇವೆ. ಕೆಂಪು ತಳಕ್ಕೆ ಇಳಿಯುತ್ತದೆ. ತಳದಿಂದ ಒಂದು ಅಡಿ ಮೇಲಿನ ನೀರನ್ನು ಮಾತ್ರ ತೋಟಕ್ಕೆ ಬಿಡುತ್ತೇವೆ. ಇದರಿಂದ ನಮಗೆ ತುಂಬ ವ್ಯತ್ಯಾಸ ಕಂಡಿದೆ.

ಫಿಲ್ಟರ್ ಮೊದಲ ಸಲ ಜಾಲರಿಯದ್ದು ಇತ್ತು. ಲೋಳೆ ಮೆತ್ತಿಕೊಂಡು ಎರಡು ದಿನಕ್ಕೆ ಮುಚ್ಚಿಹೋಗುತ್ತಿತ್ತು. ಈಗ ಡಿಸ್ಕ್ ಫಿಲ್ಟರ್, 120 ಮೆಶ್, ಅಂದರೆ ಸುಮಾರು 130 ಮೈಕ್ರಾನ್‌ಗಿಂತ ದೊಡ್ಡ ಕಸ ನಿಲ್ಲುವಂಥದ್ದು. ಇದರಲ್ಲಿ ಜಾಲರಿಯ ಬದಲು ಒತ್ತಾಗಿ ಜೋಡಿಸಿದ ಬಿಲ್ಲೆಗಳು ಇರುತ್ತವೆ. ಬಿಲ್ಲೆಗಳನ್ನು ಸಡಿಲ ಮಾಡಿ ಬಕೆಟ್ ನೀರಿನಲ್ಲಿ ಅಲುಗಾಡಿಸಿದರೆ ಸ್ವಚ್ಛ. ಫಿಲ್ಟರ್‌ನ ಮೊದಲು ಒಂದು, ಆಮೇಲೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಎರಡರ ನಡುವೆ ಒತ್ತಡದಲ್ಲಿ ಅರ್ಧ ಕೆಜಿ (ಚದರ ಸೆಂಟಿಮೀಟರಿಗೆ) ವ್ಯತ್ಯಾಸ ಕಂಡರೆ ತೊಳೆಯುವ ಹೊತ್ತಾಯಿತು ಎಂದು ಅರ್ಥ. ಅಂಗಡಿಯಲ್ಲಿ ಗೇಜ್ ಕೇಳಿದರೆ "ಅದೆಲ್ಲ ಬೇಡ ಅಕ್ಕ" ಅನ್ನುತ್ತಾರೆ. ಬೇಕು ಅಂತಲೇ ಹೇಳಿ.

ಪೈಪು ಆರಿಸುವಾಗ ಮೈಮೇಲಿನ ಬರಹ ಓದಿ. ಲ್ಯಾಟರಲ್ ಪೈಪಿನ (ಸಾಲಿನ ಪೈಪಿನ) ಮೇಲೆ ಐಎಸ್ 12786 ಎಂಬ ಭಾರತೀಯ ಮಾನಕದ ಸಂಖ್ಯೆ ಇರಬೇಕು, ಕ್ಲಾಸ್ (ಒತ್ತಡ ತಾಳುವ ದರ್ಜೆ) ಎಷ್ಟು ಎಂದೂ ಇರಬೇಕು. ಡ್ರಿಪ್ಪರ್‌ಗೆ ಐಎಸ್ 13487, ಇನ್‌ಲೈನ್‌ಗೆ 13488. ನಾನು ತಂದದ್ದು ಕ್ಲಾಸ್ 2. ಗೋಡೆ ಸ್ವಲ್ಪ ದಪ್ಪ, ಮಡಲು ಬಿದ್ದರೂ ಚಪ್ಪಟೆಯಾಗಿ ಮತ್ತೆ ಎದ್ದು ಬರುತ್ತದೆ. ಪೈಪು ಕಪ್ಪಗಿರುವುದು ಚಂದಕ್ಕಲ್ಲ. ಬಿಸಿಲಿಗೆ ಹಾಳಾಗದಿರಲಿ ಎಂದು ಅದರಲ್ಲಿ ಶೇಕಡಾ 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಸೇರಿಸಿರುತ್ತಾರೆ. ಬರಹವೇ ಇಲ್ಲದ ಅಗ್ಗದ ಪೈಪನ್ನು ನೆರೆಮನೆಯವರು ತಂದಿದ್ದರು. ಎರಡು ಸಲ ಮಡಚಿದಾಗ ಬಿಳಿ ಗೆರೆ ಬಿತ್ತು, ಒಂದೇ ಬೇಸಿಗೆಗೆ ಸೀಳಿತು. ನನಗೆ 1,320 ಮೀಟರ್ ಬೇಕಿತ್ತು. 500 ಮೀಟರಿನ ಮೂರು ಸುರುಳಿ ತಂದೆ. ಉಳಿದದ್ದು ರಿಪೇರಿಗೆ ಬರುತ್ತಿದೆ.

ಇನ್ನು ಸಣ್ಣ ಸಾಮಾನು. ಸೋರುವುದೆಲ್ಲ ಇಲ್ಲೇ. ಮಣ್ಣಿನಡಿಯ ಪಿವಿಸಿ ಪೈಪಿನಿಂದ ಸಾಲಿನ ಪೈಪಿಗೆ ನೀರು ಹೋಗುವ ಜಾಗದಲ್ಲಿ ರಬ್ಬರ್ ಗ್ರೋಮೆಟ್ (ತೂತಿನಲ್ಲಿ ಕೂರುವ ರಬ್ಬರ್ ಬಳೆ) ಮತ್ತು ಟೇಕಾಫ್ (ಅದರೊಳಗೆ ಸಿಕ್ಕಿಸಿ ಸಾಲಿನ ಪೈಪು ಜೋಡಿಸುವ ತುಂಡು) ಇರುತ್ತದೆ. ಮೊದಲ ಸಲ ಜೋಡಿಸಲು ಬಂದವರು ಕೈಗೆ ಸಿಕ್ಕಿದ ಡ್ರಿಲ್ ಬಿಟ್‌ನಲ್ಲಿ ತೂತು ಹೊಡೆದಿದ್ದರು. ತೂತು ಕೂದಲೆಳೆ ದೊಡ್ಡದಾದರೂ ಗ್ರೋಮೆಟ್ ಕಚ್ಚಿ ಕೂರುವುದಿಲ್ಲ. 24 ಸಾಲಿನಲ್ಲಿ 9 ಕಡೆ ಒರತೆ! ಎಲ್ಲ ಮಣ್ಣಿನಡಿಗೆ, ಕಾಣುವುದೂ ಇಲ್ಲ. ಈ ಸಲ ಗ್ರೋಮೆಟ್ ಕೊಳ್ಳುವಾಗಲೇ ಅದಕ್ಕೆ ಸರಿಯಾದ ಡ್ರಿಲ್ ಬಿಟ್ ಕೇಳಿ ತಂದೆ. ತೂತಿನ ಅಂಚನ್ನು ಸಣ್ಣ ಚಾಕುವಿನಿಂದ ನಯ ಮಾಡಿಸಿದೆ. ಪೈಪಿನೊಳಗೆ ಬಿದ್ದ ಪಿವಿಸಿ ಚೂರುಗಳನ್ನು ನೀರು ಬಿಟ್ಟು ಹೊರಗೆ ಹಾಕಿದ ಮೇಲೆಯೇ ಸಾಲಿನ ಪೈಪು ಜೋಡಿಸಿದೆವು. ಎರಡು ಬೇಸಿಗೆಯಲ್ಲಿ ಒಂದೂ ಸೋರಿಲ್ಲ. ಪೈಪಿನ ಬೆಲೆಯ ಮುಂದೆ ಗ್ರೋಮೆಟ್‌ನ ಬೆಲೆ ಏನೂ ಅಲ್ಲ. ದಯವಿಟ್ಟು ಇದರಲ್ಲಿ ಉಳಿತಾಯ ಮಾಡಬೇಡಿ.

ಟೇಕಾಫ್, ಜಾಯ್ನರ್ ಎಲ್ಲ ಪೈಪಿನ ಕಂಪನಿಯದ್ದೇ ತಗೊಳ್ಳಿ. 16 ಎಂಎಂ ಅನ್ನುವುದು ಹೊರಗಿನ ಅಳತೆ. ಒಳಗಿನ ಅಳತೆ ಗೋಡೆಯ ದಪ್ಪದ ಮೇಲೆ ಹೋಗುತ್ತದೆ. ಬೇರೆ ಕಡೆಯ ಜಾಯ್ನರ್ ತಂದಾಗ ನನಗೆ ಒಂದು ಸಡಿಲ, ಇನ್ನೊಂದು ಬಿಸಿ ನೀರಿನಲ್ಲಿ ಅದ್ದಿದರೂ ಹೋಗದಷ್ಟು ಬಿಗಿ. ಸಾಲಿನ ಕೊನೆಗೆ ಎಂಟರ ಆಕಾರದ ಎಂಡ್ ಸಾಕು. ಪೈಪು ಮಡಚಿ ಸಿಕ್ಕಿಸುವುದು, ತೊಳೆಯುವಾಗ ಬಿಚ್ಚುವುದು. ಹದಿನೈದು ದಿನಕ್ಕೊಮ್ಮೆ ನಾಲ್ಕು ನಾಲ್ಕು ಸಾಲಿನ ತುದಿ ಬಿಚ್ಚಿ ನೀರು ತಿಳಿಯಾಗುವವರೆಗೆ ಬಿಡುತ್ತೇನೆ. ಮೊದಲು ಬರುವ ನೀರು ಚಹಾದ ಬಣ್ಣ.

ತೋಟ ಇಳಿಜಾರು ಇದ್ದರೆ ಪ್ರತಿ ಭಾಗಕ್ಕೆ ಬೇರೆ ವಾಲ್ವ್ ಬೇಕೇ ಬೇಕು. 10 ಮೀಟರ್ ಇಳಿದರೆ ಒತ್ತಡ ಒಂದು ಕೆಜಿ ಏರುತ್ತದೆ. ನಮ್ಮ ಕೆಳಗಿನ ಭಾಗ ಸುಮಾರು 5 ಮೀಟರ್ ತಗ್ಗು, ಅದರ ವಾಲ್ವ್ ಸ್ವಲ್ಪ ಕಮ್ಮಿ ತೆರೆಯುತ್ತೇವೆ. ಒಂದೇ ಸಾಲು ಇಳಿಜಾರಿನಲ್ಲಿ ಹೋಗುವುದಾದರೆ ಒತ್ತಡ ಸರಿದೂಗಿಸುವ ಪಿಸಿ ಡ್ರಿಪ್ಪರ್ ಬೇಕಾಗುತ್ತದೆ. ಅದಕ್ಕೆ ಬೆಲೆ ಜಾಸ್ತಿ. ನಮ್ಮ ಸಾಲುಗಳು ಅಡ್ಡಕ್ಕೆ, ಮಟ್ಟದಲ್ಲಿ ಹೋಗುವುದರಿಂದ ಸಾದಾದ್ದು ನಡೆಯಿತು.

ಕೊರತೆಯೂ ಉಂಟು. ಹುಲ್ಲು ಹೊಡೆಯುವ ಮೆಷಿನ್‌ಗೆ ಈ ಸೆಪ್ಟೆಂಬರ್‌ನಲ್ಲಿ 11 ಕಡೆ ಪೈಪು ತುಂಡಾಯಿತು. ಬೇಸಿಗೆಯಲ್ಲಿ ಅಳಿಲು, ಇಲಿ ನೀರಿಗಾಗಿ ಕಚ್ಚುತ್ತವೆ. ಬುಡದ ಹತ್ತಿರ ಒಂದು ಗೆರಟೆಯಲ್ಲಿ ನೀರು ಇಟ್ಟ ಮೇಲೆ ಕಚ್ಚುವುದು ಕಡಿಮೆಯಾಗಿದೆ ಎಂದು ನನಗೆ ಅನಿಸುತ್ತದೆ, ಪಾಪ ಅವಕ್ಕೂ ಬೇಕಲ್ವಾ. ಪೈಪನ್ನು ಮಣ್ಣಿನಡಿ ಹಾಕಿದರೆ ಕಚ್ಚಿದ್ದು ಕಾಣುವುದೇ ಇಲ್ಲ, ಹಾಗಾಗಿ ಮೇಲೆಯೇ ಬಿಟ್ಟಿದ್ದೇನೆ. ಹುಲ್ಲು ಹೊಡೆಯುವ ಹಿಂದಿನ ದಿನ ಪೈಪನ್ನು ಮರದ ಬುಡಕ್ಕೆ ಸರಿಸಿ ಇಡುತ್ತೇವೆ.

ಬರುವ ಡಿಸೆಂಬರ್‌ನಲ್ಲಿ ಮನೆಯ ಹಿಂದಿನ 22 ತೆಂಗಿನ ಮರಕ್ಕೂ ಹಾಕಿಸಬೇಕು. ಪೈಪು, ಫಿಲ್ಟರ್ ಇದೇ ನಮೂನೆಯದ್ದು. ಮರಕ್ಕೆ ಡ್ರಿಪ್ಪರ್ ಮಾತ್ರ ನಾಲ್ಕು, ಜಾಯ್ನರ್ ಇನ್ನೊಂದು 30.