ಮಂಡಿನೋವಿನವರಿಗೊಂದು ಚಕ್ರದ ಚೀಲ

ಮಂಡಿ ಸವೆತ ಇನ್ನೂ ಆರಂಭದ ಹಂತದಲ್ಲಿದ್ದು, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುವ ನನ್ನಂಥವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ಎರಡು ಮಾತು: ನಡಿಗೆ ಬಿಡಬಾರದು, ಭಾರ ಎತ್ತಬಾರದು. ಹಾಸನದ ಮಹಾರಾಜ ಉದ್ಯಾನದಲ್ಲಿ ಬೆಳಗ್ಗೆ ಸುತ್ತು ಹಾಕಿ, ಹಾಗೆಯೇ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ತರಕಾರಿ ಕೊಂಡು, ಔಷಧಿ ಅಂಗಡಿಗೂ ಹೊಕ್ಕು ಮನೆಗೆ ಮರಳುವ ರೂಢಿಯಿರುವವರು ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ. ಹೋಗುವಾಗ ಕೈ ಖಾಲಿ, ಬರುವಾಗ ಎರಡೂ ಕೈಯಲ್ಲಿ ಭಾರ. ಅದಕ್ಕಾಗಿಯೇ ಎಳೆದುಕೊಂಡು ಹೋಗುವ, ಮಡಚಿಡಲು ಬರುವ ಎರಡು ಚಕ್ರದ ಬಟ್ಟೆಚೀಲವೊಂದನ್ನು ಕೊಂಡೆ. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಅದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ಸಮತಟ್ಟಾದ ನೆಲದಲ್ಲಿ ನಡೆಯುವಾಗಲೂ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಕೈಯಲ್ಲಿ 5 ಕೆ.ಜಿ. ತೂಕದ ಚೀಲವಿದ್ದರೆ ಮಂಡಿ ತಾಳಿಕೊಳ್ಳಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಅದೂ ಒಂದೇ ಕೈಯಲ್ಲಿದ್ದರೆ ಸೊಂಟ ಒಂದು ಕಡೆಗೆ ವಾಲಿ ಬೆನ್ನೂ ಹಿಡಿದುಕೊಳ್ಳುತ್ತದೆ. ಚಕ್ರದ ಚೀಲದ ದೊಡ್ಡ ಉಪಕಾರವೆಂದರೆ, ಆ ಭಾರವನ್ನು ಹೆಚ್ಚುಪಾಲು ನೆಲಕ್ಕೇ ಬಿಟ್ಟು, ಪಕ್ಕದವರೊಡನೆ ಮಾತನಾಡಿಕೊಂಡು ನಡೆಯುವಷ್ಟು ಉಸಿರನ್ನು ನಮಗೆ ಉಳಿಸುವುದು. ವಾರಕ್ಕೆ ಕನಿಷ್ಠ 150 ನಿಮಿಷ ಮಿತವಾದ ವ್ಯಾಯಾಮವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂತೆಗೆ ಹೋಗಿಬರುವ ಬಿರುಸು ನಡಿಗೆಯೂ ಆ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸುವುದೇ ಇಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಚಕ್ರ. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಚಕ್ರವೂ ಚೆನ್ನಾಗಿಯೇ ಉರುಳುತ್ತದೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ಸಂದಿಗೆ ಬಂದಾಗಲೇ ಅದರ ನಿಜವಾದ ಯೋಗ್ಯತೆ ತಿಳಿಯುವುದು. ಚಿಕ್ಕ, ಗಟ್ಟಿ ಪ್ಲಾಸ್ಟಿಕ್ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಆಗ ಭುಜಕ್ಕೆ ಬೀಳುವ ಜಗ್ಗು ಸಣ್ಣದಲ್ಲ. ನನ್ನ ಚೀಲದ ಚಕ್ರ ಅಂಗೈ ಅಗಲಕ್ಕಿಂತ ದೊಡ್ಡದು, ಸುತ್ತಲೂ ರಬ್ಬರ್ ಇದೆ. ಜಲ್ಲಿಯ ಮೇಲೂ ಹೆಚ್ಚು ಕುಲುಕದೆ ಬರುತ್ತದೆ.

ಹಿಡಿಯ ಎತ್ತರವೂ ಅಷ್ಟೇ ಮುಖ್ಯ. ನೆಟ್ಟಗೆ ನಿಂತು ಹಿಡಿದಾಗ ಮೊಣಕೈ ಸ್ವಲ್ಪ ಮಾತ್ರ ಬಾಗಿರಬೇಕು. ಹಿಡಿ ಗಿಡ್ಡವಾದರೆ ಬೆನ್ನು ಬಗ್ಗುತ್ತದೆ, ಮಂಡಿಗೆ ಸಿಕ್ಕ ಲಾಭವನ್ನು ಸೊಂಟ ತಿಂದುಹಾಕುತ್ತದೆ. ಒಂದೇ ಕೈಯಲ್ಲಿ ಎಳೆದರೆ ಮೈ ತಿರುಚಿಕೊಳ್ಳುವುದರಿಂದ ನಡುನಡುವೆ ಕೈ ಬದಲಿಸುವುದು ಒಳ್ಳೆಯದು. ಇದನ್ನು ಊರುಗೋಲಿನಂತೆ ಆತುಕೊಳ್ಳಲು ಮಾತ್ರ ಬಾರದು, ಮೈಭಾರ ಬಿಟ್ಟರೆ ಚಕ್ರ ಜಾರುತ್ತದೆ. ಕೋಲು ಬೇಕಾದವರು ಅದನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕಾದ್ದರಿಂದ, ಚೀಲ ಇನ್ನೊಂದು ಕೈಗೆ ಬರುತ್ತದೆ. ಜನಸಂದಣಿಯಲ್ಲಿ ಅದು ಕಷ್ಟ.

ತುಂಬುವುದಕ್ಕೂ ಒಂದು ಕ್ರಮವಿದೆ. ಆಲೂಗಡ್ಡೆಗೆ ಹೆಸರಾದ ಜಿಲ್ಲೆ ನಮ್ಮದು, ಹೊಸ ಗೆಡ್ಡೆ ಬಂದಾಗ ಎರಡು ಕೆ.ಜಿ. ಹೆಚ್ಚಿಗೇ ಕೊಳ್ಳುವುದು ಇದ್ದದ್ದೇ. ಗೆಡ್ಡೆ, ಈರುಳ್ಳಿ, ತೆಂಗಿನಕಾಯಿ ತಳದಲ್ಲಿ ಚಕ್ರದ ಹತ್ತಿರ ಕುಳಿತರೆ ಎಳೆಯುವುದು ಹಗುರ, ಭಾರ ಮೇಲಾದರೆ ಚೀಲ ಮಗುಚುತ್ತದೆ. ನನ್ನ ಚೀಲ ಕಂಡರೆ ಸೊಪ್ಪಿನವಳು "ಕಂತೆ ಕೊನೆಗೆ ಕೊಡ್ತೀನಿ, ಮೊದ್ಲು ಬೇರೆದೆಲ್ಲ ತುಂಬ್ಕೊಂಬನ್ನಿ ಅಮ್ಮ" ಎನ್ನುತ್ತಾಳೆ. ಅವಳ ಆ ಕಾಳಜಿ ನನಗೆ ಬಹಳ ಇಷ್ಟ.

ಕೊರತೆಗಳೂ ಇವೆ. ಜಲನಿರೋಧಕ ಎಂದು ಮಾರಾಟಗಾರರು ಬರೆದಿದ್ದರೂ ಆಷಾಢದ ಜಡಿಮಳೆಗೆ ಹೊಲಿಗೆಯ ಸಾಲಿನಲ್ಲಿ ನೀರು ಇಳಿಯಿತು; ಮಾತ್ರೆಗಳನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಇಡಬೇಕು. ಚಕ್ರದ ಕಂಬಿಗೆ ತುಕ್ಕು ಹಿಡಿದು ಕಿರುಗುಟ್ಟತೊಡಗಿದಾಗ ಸೈಕಲ್ ಅಂಗಡಿಯವರು ಒಂದು ತೊಟ್ಟು ಎಣ್ಣೆ ಬಿಟ್ಟು ಸರಿಮಾಡಿದರು. ಸಾವಿರ ಚಿಲ್ಲರೆ ರೂಪಾಯಿಯ ವಸ್ತುವಿಗೆ ಇಷ್ಟು ಬೇಗ ತುಕ್ಕು ಬರಬಾರದಿತ್ತು.

ಮೆಟ್ಟಿಲೇ ಇದರ ನಿಜವಾದ ಶತ್ರು. ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿರುವವರು ತುಂಬಿದ ಚೀಲವನ್ನು ಎತ್ತಿಕೊಂಡೇ ಹತ್ತಬೇಕಾಗುತ್ತದೆ, ಮಂಡಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಅಂಥವರಿಗೆ ಇದನ್ನು ನಾನು ಹೇಳಲಾರೆ. ಸ್ವಲ್ಪಸ್ವಲ್ಪವೇ ಕೊಂಡು ದಿನವೂ ನಡೆದುಹೋಗುವುದು ಅವರಿಗೆ ಮೇಲು.